ಕಿತ್ತಳೆ ದೀಪ ಬಂದಾಗ ನುಂಗಿದ ಮಾತು

ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು ಆ ದೀಪ. ತರಗತಿಯ ಸೂರಿನಲ್ಲಿ, ಫ್ಯಾನಿಗೂ ಟ್ಯೂಬ್‌ಲೈಟಿಗೂ ನಡುವೆ, ದುಂಡನೆಯ ಬಿಳಿ ಜಾಲರಿಯ ಅಂಚಿನಲ್ಲಿರುತ್ತದೆ. ಸುಮ್ಮನಿದ್ದಾಗ ಹಸಿರು. ಯಾರಾದರೂ ಕೇಳುತ್ತಿದ್ದರೆ ಕಿತ್ತಳೆ.

ನಗುವವರು ನಗಲಿ. ಇಂಥ ಅನುಭವ ಹೇಳುವವರನ್ನು ಕಂಡರೆ ನನಗೂ ನಗುವೇ ಬರುತ್ತಿತ್ತು. ಎಲ್ಲರದೂ ಒಂದೇ ಬಿಳಿ ಸೀರೆ, ಒಂದೇ ಮಲ್ಲಿಗೆ ವಾಸನೆ, ಬೈಕು ಕೆಟ್ಟು ನಿಲ್ಲುವುದೂ ಅದೇ ಹುಣಿಸೆ ಮರದ ಕೆಳಗೆ. ನಾನು ಭೌತಶಾಸ್ತ್ರ ಓದಿದವಳು. ಸದ್ದು ಎಂದರೇನು, ಅದು ತಂತಿಯಲ್ಲಿ ಹೇಗೆ ಹೋಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುವವಳು. ಕಂಡಿದ್ದಕ್ಕಿಂತ, ಕೇಳಿದ್ದಕ್ಕಿಂತ ಒಂದು ಅಕ್ಷರವೂ ಹೆಚ್ಚು ಬರೆದಿಲ್ಲ. ನನ್ನ ಹೆಸರು ಬೇಡ. ಶಾಲೆಯ ಹೆಸರೂ ಬೇಡ. ಗುಬ್ಬಿಯ ಹೊರಗೆ, ಹೆದ್ದಾರಿಯಿಂದ ಒಳಗೆ ಇರುವ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಎಂದರೆ ಸಾಕು. ಆ ಸ್ಪೀಕರುಗಳು ಈಗಲೂ ಅಲ್ಲೇ ಇವೆ.

ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಳೆದ ವರ್ಷ ಪೋಷಕರ ಸಭೆಯಲ್ಲಿ ನಮ್ಮ ಸೆಕ್ರೆಟರಿ ಶಾಲು ಹೊದ್ದು ನಿಂತು, "ಇನ್ಮೇಲೆ ನಿಮ್ ಮಕ್ಳ ಸೇಫ್ಟಿ ನಮ್ ಜವಾಬ್ದಾರಿ" ಎಂದು ಘೋಷಿಸಿದರು. ಪ್ರತಿ ಕೊಠಡಿಗೂ ಸೂರಿನ ಸ್ಪೀಕರ್. ಎಲ್ಲವೂ ಒಂದೇ ಜಾಲದಲ್ಲಿ. ಬೆಂಕಿ ಬಿದ್ದರೆ, ಹಾವು ಬಂದರೆ, ಗೇಟಿನೊಳಗೆ ಅಪರಿಚಿತರು ನುಗ್ಗಿದರೆ ಆಫೀಸಿನಿಂದ ಒಂದು ಗುಂಡಿ ಒತ್ತಿ ಎಲ್ಲ ಕೊಠಡಿಗೂ ಹೇಳಬಹುದು. ಸ್ಪೀಕರಿನೊಳಗೇ ಮೈಕ್ ಇದೆ, ಕೊಠಡಿಯಿಂದ ಟೀಚರು ಮಾತಾಡಿದರೆ ಆಫೀಸಿನಲ್ಲಿ ಕೇಳುತ್ತದೆ. ಮಾತೆಲ್ಲ ತಾನಾಗಿಯೇ ರೆಕಾರ್ಡ್ ಆಗುತ್ತದೆ. ಒಳ್ಳೆಯ ಯಂತ್ರ. ಅದರ ಮೇಲೆ ನನಗೆ ದೂರಿಲ್ಲ.

ಅಳವಡಿಸುವ ಕೆಲಸ ಸೆಕ್ರೆಟರಿಯ ಬಾಮೈದನಿಗೆ ಹೋಯಿತು. ಕುಣಿಗಲ್‌ನಲ್ಲಿ ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುವ ಮಹಾನುಭಾವ. ಪ್ರತಿ ಕೊಠಡಿಯಲ್ಲೂ "ಹಲೋ, ಮೈಕ್ ಟೆಸ್ಟಿಂಗ್" ಎಂದು ಕೂಗಿ, ವಧೂವರರನ್ನು ವೇದಿಕೆಗೆ ಕರೆಯುವುದೊಂದು ಬಿಟ್ಟು ಮಿಕ್ಕೆಲ್ಲ ಮಾಡಿ ಹೋದ.

ಆ ಯಂತ್ರಕ್ಕೆ ಇನ್ನೊಂದು ಉಪಯೋಗವಿದೆ ಎಂದು ಕಂಡುಹಿಡಿದವರು ಸೆಕ್ರೆಟರಿಯೇ. ಯಾವ ಕೊಠಡಿಯ ಮಾತನ್ನಾದರೂ ತಮ್ಮ ಕುರ್ಚಿಯಲ್ಲೇ ಕೂತು, ಮನೆಯಲ್ಲಿದ್ದರೆ ಮೊಬೈಲಿನಲ್ಲೇ, ಕೇಳಬಹುದು. ಏನು ಕೇಳುತ್ತಿದ್ದರು? ಬೆಂಕಿಯ ಸದ್ದಲ್ಲ, ಹಾವಿನ ಸದ್ದಲ್ಲ. ಟೀಚರುಗಳು ಕನ್ನಡದಲ್ಲಿ ಪಾಠ ಮಾಡುತ್ತಿದ್ದಾರೆಯೇ ಎಂದು. ಅವರಿಗೆ ಬರುವ ಇಂಗ್ಲಿಷ್ ವಿಸಿಟಿಂಗ್ ಕಾರ್ಡಿನ ಎರಡೂ ಬದಿಗೆ ಆರಾಮವಾಗಿ ಹಿಡಿಸುತ್ತದೆ. ಆದರೂ ಕೇಳುತ್ತಿದ್ದರು.

ಒಂದು ತಿಂಗಳಲ್ಲಿ ಇಡೀ ಶಾಲೆ ಆ ದೀಪಕ್ಕೆ ಪಳಗಿಬಿಟ್ಟಿತು. ಟೀಚರುಗಳು ಕನ್ನಡದಲ್ಲೇ ಪಾಠ ಮಾಡುವುದು. ದೀಪ ಕಿತ್ತಳೆಯಾದ ಕೂಡಲೇ ಮುಂದಿನ ಬೆಂಚಿನವರು "ಮಿಸ್, ಆರೆಂಜ್, ಆರೆಂಜ್!" ಎಂದು ಪಿಸುಗುಟ್ಟುವುದು. ಟೀಚರು ಅರ್ಧ ಆಡಿದ ಮಾತನ್ನು ನುಂಗಿ ಇಂಗ್ಲಿಷಿಗೆ ಹಾರುವುದು.

ನಾಗವೇಣಿ ಮೇಡಂ ಹಾರುವುದನ್ನು ನೋಡಬೇಕಿತ್ತು. ಐವತ್ತು ದಾಟಿದ ಹೆಂಗಸು, ಏಳನೇ ಕೊಠಡಿಗೆ ಸಮಾಜ ವಿಜ್ಞಾನ. "ನಾನು ಮಾರ್ಕೋನಹಳ್ಳಿ ಕಡೆಯೋಳು ಕಣ್ರೋ. ಡ್ಯಾಮ್ ತುಂಬಿ ಹರಿದ ವರ್ಷ ನಮ್ಮಪ್ಪ ನನ್ನ ಹೆಗಲ ಮೇಲೆ ಕೂರಿಸ್ಕೊಂಡು..." ಎನ್ನುತ್ತಿರುವಾಗ ಕಿತ್ತಳೆ. "ಸೋ ಚಿಲ್ಡ್ರನ್, ದೇರ್‌ಫೋರ್, ವಾಟರ್ ಈಸ್ ವೆರಿ ಇಂಪಾರ್ಟೆಂಟ್!" ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ದೀಪ ಹಸಿರಾಗುವ ಹೊತ್ತಿಗೆ ಅಪ್ಪನೂ ಡ್ಯಾಮೂ ಮರೆತುಹೋಗಿರುತ್ತಿದ್ದವು. ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದ ನಾನು ಗೋಡೆಯಾಚೆ ಕೇಳಿ, ಇಷ್ಟು ಹೆದರುವುದಾದರೆ ಕನ್ನಡದಲ್ಲಿ ಶುರು ಮಾಡುವುದಾದರೂ ಯಾಕೆ ಎಂದುಕೊಳ್ಳುತ್ತಿದ್ದೆ. ನನ್ನದು ಮೊದಲಿನಿಂದ ಕೊನೆಯವರೆಗೂ ಇಂಗ್ಲಿಷ್. ನುಂಗುವ ಪ್ರಮೇಯವೇ ಇಲ್ಲ.

ಒಂದೇ ಒಂದು ದಿನ ಬಿಟ್ಟರೆ.

ಅವತ್ತು ಏಳನೇ ಕೊಠಡಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ಪ್ರತಿಧ್ವನಿ ಅರ್ಥವಾಗಲಿಲ್ಲ. ಕನ್ನಡದಲ್ಲಿ ಹೇಳಿದೆ. ದೀಪ ಬಂದಿದ್ದು ನೋಡಿದರೂ ನಿಲ್ಲಿಸಲಿಲ್ಲ. ಸೂರಿನಿಂದ ಸೆಕ್ರೆಟರಿಯ ಧ್ವನಿ ಬಿತ್ತು: "ಏನಮ್ಮಾ ಎಂಎಸ್ಸಿ ಮೇಡಂ? ಇದೇನು ಸಂತೇನಾ? ಕನ್ನಡ ಮಾತಾಡೋಕೆ ಬಸ್‌ಸ್ಟ್ಯಾಂಡ್ ಇಲ್ವಾ?"

ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. "ಸಾರಿ ಸರ್" ಎಂದೆ. ಬಾಯಿಗೆ ಬಂದಿದ್ದ ಮಿಕ್ಕಿದ್ದನ್ನು ನುಂಗಿದೆ. ಒಂದೇ ಸಲ, ಆದರೆ ತುಂಬ.

ಇದಾಗಿ ಕೆಲವು ವಾರ. ಒಂದು ಶುಕ್ರವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಸೆಕ್ರೆಟರಿ ನನ್ನನ್ನು ಕರೆಸಿದರು. ವಿಜ್ಞಾನದ ಟೀಚರೆಂದು ಆ ಯಂತ್ರದ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದ್ದರು.

"ನೋಡಮ್ಮಾ, ಎರಡು ದಿನದಿಂದ ಕತ್ತಲಾದ್ಮೇಲೆ ಏಳನೇ ರೂಮಲ್ಲಿ ನಾಗವೇಣಿ ಕೂತ್ಕೊಂಡು ಮಾತಾಡ್ತಾವ್ಳೆ. ಸ್ಕೂಲ್ ಬಗ್ಗೆ, ನನ್ ಬಗ್ಗೆ. ಮೊಬೈಲ್‌ನಲ್ಲಿ ನಾನೇ ಕೇಳಿದೀನಿ."

"ಸಂಜೆ ಕೊಠಡಿಗಳಿಗೆ ಬೀಗ ಹಾಕಿರ್ತಾರಲ್ಲ ಸರ್?"

"ಮತ್ತೆ ಧ್ವನಿ ಎಲ್ಲಿಂದ ಬಂತು? ದೆವ್ವಾನಾ? ಸೈನ್ಸ್ ಟೀಚರ್ ಆಗಿ ನೀವೇ ಹಿಂಗಂದ್ರೆ!" ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. "ನಾಳೆ ಬೆಳಗ್ಗೆ ಕಮಿಟಿಯೋರು ಬರ್ತಾರೆ. ರೆಕಾರ್ಡಿಂಗ್ ಪೆನ್‌ಡ್ರೈವ್‌ಗೆ ಹಾಕ್ಕೊಡಿ. ಅವ್ರ ಮುಂದೇನೆ ಕೇಳ್ಸಿ ಆಯಮ್ಮನ್ನ ಮನೆಗೆ ಕಳಿಸ್ತೀನಿ."

ಸ್ಟಾಫ್ ರೂಮಿನಲ್ಲಿ ನಾಗವೇಣಿ ಮೇಡಂ ಆಗಲೇ ಅಳುತ್ತ ಕೂತಿದ್ದರು. ಆ ಎರಡೂ ಸಂಜೆ ಮನೆಯಲ್ಲೇ ಇದ್ದರಂತೆ. ಸಾಕ್ಷಿ ಯಾರು ಎಂದರೆ ಹಾಸಿಗೆ ಹಿಡಿದ ಗಂಡ.

"ನಾನಲ್ಲ ಕಣಮ್ಮ. ನಮ್ಮ ಮನೆಯೋರಾಣೆ ನಾನಲ್ಲ. ಮನೇಲಿ ದುಡಿಯೋಳು ನಾನೊಬ್ಳೇ. ಈ ವಯಸ್ಸಲ್ಲಿ ಕಳ್ಳಿ ಥರ ಆಚೆ ಹಾಕಿದ್ರೆ ಯಾವ ಸ್ಕೂಲೋರು ಸೇರಿಸ್ಕೋತಾರೆ ಹೇಳಿ?"

ಅವರ ಕಣ್ಣೀರಿಗಿಂತ ಸೆಕ್ರೆಟರಿಯ ದಡ್ಡತನ ನನ್ನನ್ನು ಹೆಚ್ಚು ಕೆಣಕಿತು ಎಂದು ಒಪ್ಪಿಕೊಳ್ಳುತ್ತೇನೆ. ಹಗಲು ಆಡಿದ ಮಾತು ಯಂತ್ರದ ನೆನಪಿನಲ್ಲಿ ಸಿಕ್ಕಿಕೊಂಡು ಸಂಜೆ ಮತ್ತೆ ಹೊರಗೆ ಬರುತ್ತಿದೆ, ಅಷ್ಟೇ. ಕುಣಿಗಲ್‌ಗೆ ಫೋನ್ ಮಾಡಿದೆ.

"ಆಫ್ ಮಾಡಿ ಆನ್ ಮಾಡಿ ಮೇಡಂ," ಎಂದ ಬಾಮೈದ. "ಅದ್ಕೂ ಆಗ್ಲಿಲ್ಲ ಅಂದ್ರೆ, ಬಿದರೆಹಳ್ಳಿ ಕಾವಲ್‌ನಲ್ಲಿ ಹೆಲಿಕಾಪ್ಟರ್ ಫ್ಯಾಕ್ಟ್ರಿ ಇದೆಯಲ್ಲ, ಅವರ ವೈರ್‌ಲೆಸ್ಸು ಕ್ಯಾಚ್ ಆಗ್ತಾ ಇರ್ಬೇಕು."

"ಅಲ್ಲಿ ಪೈಲಟ್‌ಗಳು ನಾಗವೇಣಿ ಮೇಡಂ ಧ್ವನಿಯಲ್ಲಿ ಮಾತಾಡ್ತಾರಾ?"

"ಹೆಹೆ... ಅದೂ ಸರಿ."

ಫೋನ್ ಇಟ್ಟೆ.

ಉಪಾಯ ಸುಲಭವಾಗಿತ್ತು. ಆಫೀಸಿನಲ್ಲಿ ಕ್ಯಾಮೆರಾ ಇದೆ, ಅದನ್ನೂ ಸೆಕ್ರೆಟರಿ ಮೊಬೈಲಿನಲ್ಲಿ ನೋಡುತ್ತಾರೆ. ನಾಗವೇಣಿ ಮೇಡಂ ಅದರ ಎದುರಿಗೇ ಬಾಯಿ ಮುಚ್ಚಿ ಕೂತಿರಬೇಕು. ಅದೇ ಹೊತ್ತಿಗೆ ಏಳನೇ ಕೊಠಡಿಯಿಂದ ಅವರ ಧ್ವನಿ ಬಂದು ರೆಕಾರ್ಡ್ ಆದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಮುಗಿಯಿತು.

"ರಾತ್ರಿ ಇಲ್ಲೇ ಇರೋದಾ?" ಅವರು ಗಾಬರಿಯಾದರು.

"ಎಂಟೂವರೆ ಬಸ್ಸಿಗೆ ನಾನೂ ಹೊರಡ್ಬೇಕು, ಅಷ್ಟರಲ್ಲಿ ಮುಗಿಯುತ್ತೆ. ನೀವು ಸುಮ್ಮನೆ ಕೂತ್ಕೊಳ್ಳಿ, ಮೇಡಂ. ಮಾತಾಡಬೇಡಿ, ಅಳಬೇಡಿ. ಅತ್ತರೂ ಬಾಯಿ ಅಲ್ಲಾಡುತ್ತೆ."

ಕತ್ತಲಾಯಿತು. ವಾಚ್‌ಮನ್ ಕೆಂಪಣ್ಣ ಕೊಠಡಿಗಳ ಕೀಲಿ ಗೊಂಚಲು ತಂದು ಮೇಜಿನ ಮೇಲಿಟ್ಟ. "ಎಲ್ಲಾದಕ್ಕೂ ಬೀಗ ಜಡ್ದಿವ್ನಿ ಕಣವ್ವಾ. ಬಿರ್ರನೆ ಮುಗ್ಸಿ ವೊಂಟೋಗ್ಬುಡಿ," ಎಂದು ಗೇಟಿನ ಕಡೆ ಹೋದ. ದಿನಾ ಶಾಲೆ ಬಿಟ್ಟ ಮೇಲೆ ಇರುವ ವಾಸನೆಯೇ ಆಫೀಸಿನಲ್ಲಿತ್ತು: ಫಿನಾಯಿಲು, ಬೆಳಗಿನ ಊದುಬತ್ತಿ, ಹಳೇ ಕಾಗದ. ಆಚೆ ಹೆದ್ದಾರಿಯಲ್ಲಿ ಲಾರಿಗಳ ಸದ್ದು. ಆಮೇಲೆ ಅದೂ ಕಮ್ಮಿಯಾಯಿತು...

ಮೇಜಿನ ಮೇಲಿನ ಯಂತ್ರದಲ್ಲಿ ಕೊಠಡಿಗೊಂದು ಗುಂಡಿ, ಗುಂಡಿಗೊಂದು ದೀಪ. ಎಲ್ಲವೂ ಹಸಿರು.

ಏಳರದು, ನಾನು ಗುಂಡಿ ಮುಟ್ಟದೆಯೇ, ಕಿತ್ತಳೆಯಾಯಿತು.

ಮೊದಲು ಬರೀ ಗಾಳಿಯಂಥ ಸದ್ದು. ಖಾಲಿ ಕೊಠಡಿಯ ಸದ್ದು. ಆಮೇಲೆ, ಪಾಠ ಶುರು ಮಾಡುವ ಮುನ್ನ ಗಂಟಲು ಸರಿಮಾಡಿಕೊಳ್ಳುವ ಹಾಗೆ, ಯಾರೋ ಕೆಮ್ಮಿದರು.

"...ಹೆಗಲ ಮೇಲೆ ಕೂರಿಸ್ಕೊಂಡು ಹೋಗಿ ನೀರು ತೋರ್ಸಿದ್ರು. ನೋಡು ಮಗಾ, ಈ ನೀರು ಯಾರಪ್ಪನ ಮಾತೂ ಕೇಳಲ್ಲ ಅಂದ್ರು..."

ನಾಗವೇಣಿ ಮೇಡಂ ಧ್ವನಿ. ನಾಗವೇಣಿ ಮೇಡಂ ನನ್ನ ಎಡಗಡೆ ಕೂತು, ಸೆರಗಿನಿಂದ ಬಾಯಿ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಬಾಯಿಂದ ಸೆರಗು ತೆಗೀರಿ," ಎಂದೆ. "ಬಾಯಿ ಕ್ಯಾಮೆರಾಕ್ಕೆ ಕಾಣಬೇಕು." ನನ್ನ ಧ್ವನಿ ಸ್ಥಿರವಾಗಿಯೇ ಇತ್ತು. ನನ್ನ ಊಹೆ ಸರಿಯಾಯಿತಲ್ಲ ಎಂಬ ಗೆಲುವಿನಲ್ಲಿದ್ದೆ. "ನೋಡಿ, ಹಗಲು ಆಡಿದ ಮಾತೇ ತಿರುಗಿ ಬರ್ತಿದೆ."

ಅವರು ಸೆರಗು ತೆಗೆದರು. ತಲೆಯಾಡಿಸಿದರು. ತುಟಿ ಅಲ್ಲಾಡದ ಹಾಗೆ, ಉಸಿರಿನಲ್ಲಿ ಹೇಳಿದರು:

"ಆಡಿಲ್ಲ ಕಣಮ್ಮ. ಅವತ್ತು ಹೆಗಲ ಮೇಲೆ ಅನ್ನೋವಾಗ ದೀಪ ಬಂತು. ಅಲ್ಲಿಗೇ ನುಂಗಿದೆ. ನೀರು ತೋರ್ಸಿದ್ದು, ಅಪ್ಪ ಅಂದಿದ್ದು... ಇದನ್ನ ನಾನು ಯಾರಿಗೂ ಹೇಳೇ ಇಲ್ಲ."

ಯಂತ್ರದಿಂದ ಧ್ವನಿ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಬರುತ್ತಲೇ ಇತ್ತು. ಒಂದು ಮಾತು ಮುಗಿದರೆ ಇನ್ನೊಂದು. ಎಲ್ಲವೂ ಅರ್ಧದಿಂದ ಶುರುವಾಗುತ್ತಿದ್ದವು. "...ನಿಮ್ಮನ್ನ ಕಾಯೋಕೆ ಅಂತಾರೆ ಕಣೋ, ನಮ್ಮನ್ನ ಯಾರು ಕಾಯ್ತಾರೆ... ನಾವೇನು ಸುಳ್ಳು ಹೇಳ್ತಿದೀವಾ, ಕಳ್ಳತನ ಮಾಡ್ತಿದೀವಾ..." ಸೆಕ್ರೆಟರಿ ಕೇಳಿಸಿಕೊಂಡಿದ್ದು ಇದನ್ನೇ.

ನನ್ನ ಊಹೆ ಸುಳ್ಳಾಗಿತ್ತು. ಆಡದ ಮಾತನ್ನು ಯಾವ ಯಂತ್ರವೂ ನೆನಪಿಟ್ಟುಕೊಳ್ಳಲಾರದು. ಹಾಗಾದರೆ ಒಳಗೆ ಯಾರೋ ಇದ್ದಾರೆ, ಮೇಡಂ ಧ್ವನಿಯನ್ನು ಅಣಕಿಸುತ್ತಿದ್ದಾರೆ. ಉಳಿದಿದ್ದು ಅದೊಂದೇ ದಾರಿ. ನನಗೆ ಸಿಟ್ಟು ಬಂತು.

"ನೀವು ಇಲ್ಲಿಂದ ಏಳಬೇಡಿ. ನಾನು ಹೋಗಿ ನೋಡ್ತೀನಿ. ಫೋನ್ ಕಿವಿಯಲ್ಲೇ ಇಟ್ಕೊಂಡಿರಿ, ಮಾತಾಡೋವಾಗ್ಲೂ ಬಾಯಿಗೆ ಕೈ ಅಡ್ಡ ಹಿಡೀಬೇಡಿ, ಕ್ಯಾಮೆರಾಕ್ಕೆ ಕಾಣಲಿ."

ಕೀಲಿ ಗೊಂಚಲು ಹಿಡಿದು ಹೊರಟೆ. ಕಾರಿಡಾರಿನಲ್ಲಿ ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಇಲ್ಲ. ಏಳನೇ ಕೊಠಡಿಯ ಕಿಟಕಿಗಳು ಮುಚ್ಚಿದ್ದವು. ಬಾಗಿಲಿಗೆ ಬೀಗ. ಕಿವಿಯಿಟ್ಟು ಕೇಳಿದೆ.

ಒಳಗೆ ಯಾವ ಸದ್ದೂ ಇಲ್ಲ.

"ನಿಂತುಹೋಯ್ತಾ?" ಫೋನಿನಲ್ಲಿ ಪಿಸುಗುಟ್ಟಿದೆ.

"ಇಲ್ಲ... ಮಾತಾಡ್ತಾನೇ ಇದೆ."

ಬೀಗ ತೆಗೆದು ಒಳಗೆ ಹೋದೆ. ಲೈಟು ಹಾಕಿದೆ. ಬೆಂಚುಗಳು, ಕಪ್ಪುಹಲಗೆ, ಮೂಲೆಯಲ್ಲಿ ಕಸಪೊರಕೆ. ಬೆಂಚುಗಳ ಕೆಳಗೂ ಬಗ್ಗಿ ನೋಡಿದೆ. ಯಾರೂ ಇಲ್ಲ. ಮಕ್ಕಳ ಡಬ್ಬಿಯ ಚಿತ್ರಾನ್ನದ ಹಳಸಲು ವಾಸನೆ, ಅದರ ಮೇಲೆ ಧೂಳು ಕಾದಂಥ, ಬಹಳ ದಿನದ ಮೇಲೆ ಟೀವಿ ಹಾಕಿದಾಗ ಬರುವಂಥ ವಾಸನೆ. ತಲೆಯೆತ್ತಿದೆ. ಸೂರಿನಲ್ಲಿ ದೀಪ ಕಿತ್ತಳೆ.

ಕೊಠಡಿ ಮೌನವಾಗಿತ್ತು. ಅಂಥ ಮೌನ... ನನ್ನ ರೆಪ್ಪೆ ಬಡಿದಿದ್ದೂ ಕೇಳಿಸಬೇಕು.

"ಅಮ್ಮಾ," ಫೋನಿನಲ್ಲಿ ನಾಗವೇಣಿ ಮೇಡಂ, "ನೀವು ಒಳಗೆ ಬಂದ್ರಾ? ನಿಮ್ಮ ಕಾಲಿನ ಸದ್ದು ಕೇಳ್ತಿದೆ. ಅದರ ಜೊತೆಗೇ ನನ್ನ ಧ್ವನೀನೂ ಬರ್ತಿದೆ. ನಿಮ್ಮ ಪಕ್ಕದಲ್ಲೇ ನಿಂತಿರೋ ಥರ..."

ನನ್ನ ಪಕ್ಕದಲ್ಲಿ ಏನೂ ಇರಲಿಲ್ಲ. ಕೈ ಚಾಚಿ ನೋಡಿದೆ. ಹಾಗೆ ಮಾಡಿದ್ದಕ್ಕೆ ನನ್ನ ಮೇಲೇ ತಾತ್ಸಾರ ಬಂತು. ಆದರೂ ಇನ್ನೊಂದು ಕಡೆಗೂ ಚಾಚಿದೆ.

"ಈಗ ನಿಂತ್ಹೋಯ್ತು," ಎಂದರು.

ಉಸಿರು ಬಿಟ್ಟೆ.

"ಅಮ್ಮಾ..."

"ಏನು?"

"ಈಗ ನೀವು ಮಾತಾಡ್ತಿದೀರಾ?"

ನಾನು ಬಾಯಿ ತೆರೆದಿರಲಿಲ್ಲ. ತುಟಿಗೆ ಬೆರಳಿಟ್ಟು ನೋಡಿಕೊಂಡೆ. ತೆರೆದಿರಲಿಲ್ಲ.

"ಏನು ಹೇಳ್ತಿದೆ?" ಎಂದೆ. ಮತ್ತೆ ಕೇಳಿದೆ. "ಮೇಡಂ, ಏನು ಹೇಳ್ತಿದೆ?"

"ಬಿಡಿ ಅಮ್ಮ... ಬಂದುಬಿಡಿ. ಮೊದಲು ಆಚೆ ಬಂದುಬಿಡಿ."

ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಆಫೀಸಿಗೆ ಬಂದಾಗ ಯಂತ್ರ ಸುಮ್ಮನಾಗಿತ್ತು, ಆದರೆ ಏಳರ ದೀಪ ಕಿತ್ತಳೆಯಾಗಿಯೇ ಉಳಿದಿತ್ತು. ನಾಗವೇಣಿ ಮೇಡಂ ನನ್ನ ಕಣ್ಣು ತಪ್ಪಿಸಿದರು. ಏನು ಕೇಳಿದರೆಂದು ಅವರು ಇವತ್ತಿಗೂ ಹೇಳಿಲ್ಲ, ಅದಕ್ಕೆ ಅವರ ಮೇಲೆ ಗೌರವವಿದೆ. ರೆಕಾರ್ಡಿಂಗನ್ನು ಇಡೀ ರಾತ್ರಿ ನಡೆಯಲು ಬಿಟ್ಟು, ಅಲ್ಲಿಯವರೆಗಿನದನ್ನು ಮಾತ್ರ ಫೋನಿಗೆ ಹಾಕಿಕೊಂಡು, ಅವರನ್ನು ಮನೆಗೆ ಬಿಟ್ಟು ಬಸ್ಸು ಹತ್ತಿದೆ.

ತುಮಕೂರಿನ ನನ್ನ ರೂಮಿನಲ್ಲಿ, ಲೈಟು ಹಾಕಿಕೊಂಡೇ ಕೇಳಿದೆ. ನನ್ನ ಧ್ವನಿ. ಸ್ಪಷ್ಟವಾಗಿ, ನಾನು ಪಾಠ ಮಾಡುವ ಹಾಗೆಯೇ, ಒಂದೊಂದು ಮಾತನ್ನೂ ತೂಗಿ:

"...ಸಂತೆಯಲ್ಲಿ ಕನ್ನಡ ಮಾತಾಡುವವರು ಯಾರೂ ಬಾಗಿಲ ಸಂದಿಯಲ್ಲಿ ನಿಂತು ಹೆಂಗಸರ ಮಾತು ಕದ್ದು ಕೇಳುವುದಿಲ್ಲ, ಸರ್. ಮಕ್ಕಳನ್ನು ಕಾಯಲು ಕೊಟ್ಟ ಕಿವಿಯನ್ನು ನೀವು ಎಲ್ಲಿ ಇಟ್ಟಿದ್ದೀರಿ ನೋಡಿಕೊಳ್ಳಿ. ನಿಮ್ಮನ್ನು ಕಂಡರೆ ನನಗೆ ಭಯವಿಲ್ಲ, ಅಸಹ್ಯ..."

ಅವತ್ತು ಏಳನೇ ಕೊಠಡಿಯಲ್ಲಿ ನುಂಗಿದ್ದು ಇದೇ. ಅಕ್ಷರಕ್ಕೆ ಅಕ್ಷರ. ಅಲ್ಲಿಗೆ ನಿಂತಿದ್ದರೆ ಸರಿಯಿತ್ತು. ಧ್ವನಿ ಮುಂದುವರಿದು, ಶಾಲೆಗೆ ಸಂಬಂಧವಿಲ್ಲದ, ನಾನು ಯಾವ ಕೊಠಡಿಯಲ್ಲೂ ಯಾರ ಮುಂದೆಯೂ ಎತ್ತದ ವಿಷಯಕ್ಕೆ ಹೋಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಲೆಕ್ಕ ಸ್ಪಷ್ಟವಾಗಿತ್ತು. ಈ ರೆಕಾರ್ಡಿಂಗ್ ಕೊಟ್ಟರೆ ನಾಗವೇಣಿ ಮೇಡಂ ಉಳಿಯುತ್ತಾರೆ, ಕ್ಯಾಮೆರಾದಲ್ಲಿ ಅವರು ಅಷ್ಟೂ ಹೊತ್ತು ಆಫೀಸಿನಲ್ಲೇ ಇದ್ದಾರೆ. ನಾನು ಉಳಿಯುವುದಿಲ್ಲ. ಆ ಹೊತ್ತಿಗೆ ನಾನು ಏಳನೇ ಕೊಠಡಿಯಲ್ಲೇ ಇದ್ದೆ, ನನ್ನ ಕಾಲಿನ ಸದ್ದೇ ಅದರಲ್ಲಿದೆ. ಆ ಮಾತು ನಾನಾಡಿಲ್ಲ ಎಂದರೆ ಯಾರು ನಂಬುತ್ತಾರೆ? ನನ್ನ ಭಾಗವನ್ನು ಕತ್ತರಿಸಿದರೆ ಕತ್ತರಿಸಿದ್ದು ತಿಳಿಯುತ್ತದೆ, ಮೇಡಂಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ನಿದ್ದೆ ಮಾಡಲಿಲ್ಲ. ಬೆಳಗ್ಗೆ ಮೊದಲ ಬಸ್ಸು ಹಿಡಿದೆ.

ಏಳರ ದೀಪ ಹಸಿರಾಗಿತ್ತು. ರಾತ್ರಿಯಿಡೀ ಆದ ರೆಕಾರ್ಡಿಂಗನ್ನು, ಮುಂದೆ ಏನಿದೆ ಎಂದು ಕೇಳದೆ, ಹಾಗೇ ಪೆನ್‌ಡ್ರೈವ್‌ಗೆ ಹಾಕಿ ಸೆಕ್ರೆಟರಿಯ ಮೇಜಿನ ಮೇಲಿಟ್ಟೆ. ಕಮಿಟಿಯವರು ಇನ್ನೂ ಬಂದಿರಲಿಲ್ಲ.

"ನಿನ್ನೆ ಮದುವೆ ಮನೇಲಿದ್ದೆ, ಕೇಳೋಕಾಗ್ಲಿಲ್ಲ," ಎಂದರು. "ಆದ್ರೆ ಕ್ಯಾಮೆರಾದಲ್ಲಿ ನೋಡ್ದೆ. ಆಯಮ್ಮನ್ನ ಬೊಂಬೆ ಥರ ಕೂರ್ಸಿದ್ರಲ್ಲ, ಯಾಕೆ?"

"ನೀವು ನೋಡಲಿ ಅಂತಲೇ ಸರ್. ಈಗ ಅದೇ ಹೊತ್ತಿಂದು ಕೇಳಿ."

ಹೆಡ್‌ಫೋನ್ ಹಾಕಿಕೊಂಡು, ಮೊಬೈಲಿನಲ್ಲಿ ಕ್ಯಾಮೆರಾದ ಚಿತ್ರ ಇಟ್ಟುಕೊಂಡು ಕೇಳಿದರು. ಚಿತ್ರ ನೋಡಿದರು. ಮತ್ತೆ ಹಿಂದಕ್ಕೆ ಹೋಗಿ ಕೇಳಿದರು. ಕುತ್ತಿಗೆ ಒರೆಸಿಕೊಂಡರು. ಆಮೇಲೆ ಮುಖ ಕೆಂಪಾಯಿತು, ನನ್ನ ಭಾಗ ಬಂದಿರಬೇಕು.

"ಇದು ನೀನು. ಆ ರೂಮಲ್ಲಿ ನೀನೇ ಇದ್ದೆ."

"ಧ್ವನಿ ನನ್ನದೇ ಸರ್."

"ಎಷ್ಟು ಕೊಬ್ಬು ನಿಂಗೆ! ಇವತ್ತೇ, ಈ ಕ್ಷಣಾನೇ..."

ಮಾತು ಅಲ್ಲಿಗೆ ನಿಂತಿತು. ಹೆಡ್‌ಫೋನ್ ಇನ್ನೂ ಕಿವಿಯಲ್ಲಿತ್ತು. ನಾವು ಹೊರಟುಹೋದ ಮೇಲಿನದು ಶುರುವಾಗಿತ್ತು. ಕೆಂಪು ಇಳಿದು ಮುಖ ಬೂದಿಯಾಯಿತು. ಕೋಣೆ ಅಷ್ಟು ನಿಶ್ಶಬ್ದವಾಗಿತ್ತು, ಹೆಡ್‌ಫೋನಿನಿಂದ ಸೋರಿದ್ದು ನನಗೂ ಕೇಳಿಸಿತು. ಗಂಡು ಧ್ವನಿ. ಇಷ್ಟು ದಿನ ಸೂರಿನಿಂದ ನಮ್ಮ ತಲೆಯ ಮೇಲೆ ಬೀಳುತ್ತಿದ್ದ ಧ್ವನಿಯೇ. ಆದರೆ ಗದರುತ್ತಿರಲಿಲ್ಲ. ಯಾರನ್ನೋ ಬೇಡಿಕೊಳ್ಳುತ್ತಿತ್ತು. ಮಾತುಗಳು ತಿಳಿಯಲಿಲ್ಲ.

ಹೆಡ್‌ಫೋನ್ ಕಿತ್ತಿಟ್ಟರು.

"ಇದರ ಮುಂದಿಂದು... ನೀನು ಕೇಳಿದೀಯಾ ಮಗಳೇ?"

"ಇಲ್ಲ ಸರ್. ನಾವಿರೋವರೆಗಿಂದು ಮಾತ್ರ."

"ಕೇಳ್ಬೇಡ." ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡರು. "ನಾಗವೇಣಿ ಮೇಡಂಗೆ ಹೇಳು, ಕ್ಲಾಸಿಗೆ ಹೋಗ್ಲಿ. ಕಮಿಟಿಯೋರು ಬರೋದು ಬೇಡ ಅಂತ ನಾನೇ ಫೋನ್ ಮಾಡ್ತೀನಿ. ನೀನೂ ಕ್ಲಾಸಿಗೆ ಹೋಗು."

ಗೆದ್ದೆ ಎನಿಸಬೇಕಿತ್ತು. ಅವರನ್ನು ತಿರಸ್ಕರಿಸುವುದು ನನಗೆ ಅಭ್ಯಾಸವಾಗಿತ್ತು, ಅದು ಆ ಕ್ಷಣ ಕೈಗೆ ಸಿಗಲಿಲ್ಲ. ಹೊರಬಂದೆ.

ಮೊದಲ ಪೀರಿಯಡ್ ಏಳನೇ ಕೊಠಡಿ. ಮಕ್ಕಳು ಎದ್ದು ನಿಂತು "ಗುಡ್ ಮಾರ್ನಿಂಗ್ ಮಿಸ್" ಎಂದು ರಾಗ ಎಳೆದರು. ಕೈಸನ್ನೆ ಮಾಡಿ ಕೂರಿಸಿದೆ. ದೀಪ ಹಸಿರು. ಹಾಜರಿ ಪುಸ್ತಕ ತೆರೆದೆ. ಮೊದಲ ಹೆಸರು ಕರೆಯಲು ಬಾಯಿ ತೆರೆದೆ, ಹೆಸರಿನ ಬದಲು ನುಂಗಿದ ಯಾವ ಮಾತು ಹೊರಬೀಳುತ್ತದೋ ಎನಿಸಿ ಮುಚ್ಚಿದೆ. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿ, ಯಾರ ಹೆಸರನ್ನೂ ಕರೆಯದೆ, ಗುರುತು ಹಾಕುತ್ತ ಹೋದೆ.